ಖಣದ ಗಂಟು ಮತ್ತು ಜರಿಕಾಗದದ ಸಂಸ್ಕೃತಿ

ಹೊರನಾಡಿನ ಕನ್ನಡ ಸಂಘಗಳ ವೇದಿಕೆಗಳಲ್ಲಿ ಪರಿಸರ ಪ್ರಜ್ಞೆಗೆ ಬರವೇನೂ ಇಲ್ಲ. ರಾಜ್ಯೋತ್ಸವವಿರಲಿ, ದಸರೆಯಿರಲಿ, ಮಕ್ಕಳ ಪ್ರತಿಭಾ ಪುರಸ್ಕಾರವಿರಲಿ, ಮುಖ್ಯ ಅತಿಥಿಗಳ ಭಾಷಣದಲ್ಲಿ ಒಂದು ಮರ, ಒಂದು ನದಿ, ಒಂದು ಪಶ್ಚಿಮಘಟ್ಟ ಬಂದೇ ಬರುತ್ತವೆ. ಭಾಷಣ ಮುಗಿದೊಡನೆ ಅದೇ ಅತಿಥಿಗಳಿಗೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆಗಳ ಸನ್ಮಾನ. ಹಣ್ಣಿನ ಬುಟ್ಟಿಗೆ ಮಿರುಗುವ ಪಾರದರ್ಶಕ ಹಾಳೆ, ಸ್ಮರಣಿಕೆಗೆ ಬೆಳ್ಳಿಬಣ್ಣದ ಜರಿಕಾಗದ, ಶಾಲಿಗೆ ಪ್ಲಾಸ್ಟಿಕ್ ಕೋಶ, ಇವೆಲ್ಲವನ್ನೂ ತುಂಬಿಕೊಡಲು ಸಂಘದ ಹೆಸರು ಮುದ್ರಿಸಿದ ಮತ್ತೊಂದು ಚೀಲ. ಇತ್ತೀಚೆಗೆ ಹಾರದ ಬದಲು ಸಸಿ ಕೊಡುವ ಪರಿಪಾಠ ಬಂದಿದೆ. ಆ ಸಸಿಯ ಕುಂಡಕ್ಕೂ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಬಣ್ಣದ ಪಟ್ಟಿ ಕಟ್ಟಿರುತ್ತಾರೆ. ಸಮಾರಂಭ ಮುಗಿದು ಸಭಿಕರು ರೈಲು ಹಿಡಿಯಲು ಓಡಿದ ಮೇಲೆ ಸಭಾಂಗಣದ ಹಿಂಬದಿಯಲ್ಲಿ ಉಳಿಯುವ ರಾಶಿಯನ್ನು ಯಾವ ವರದಿಗಾರರೂ ಬರೆಯುವುದಿಲ್ಲ.

ಈ ಹೊದಿಕೆಯನ್ನು ನಮ್ಮ ಸಂಘಗಳು ಕೂಡಲೇ ಬಿಡಬೇಕು, ಅದರ ಸ್ಥಾನಕ್ಕೆ ಮತ್ತೆ ಮತ್ತೆ ಬಳಕೆಗೆ ಬರುವ ಬಟ್ಟೆಯನ್ನು ತರಬೇಕು ಎಂಬುದು ನನ್ನ ವಾದ. ಗಡಿ, ನದಿ, ಕನ್ನಡ ಶಾಲೆಗಳ ಅಳಿವು ಮೊದಲಾದ ಪ್ರಶ್ನೆಗಳಿಗೆ ಮೀಸಲಾದ ಪುಟಗಳಲ್ಲಿ ಉಡುಗೊರೆಯ ಹೊದಿಕೆಗೆ ಏನು ಸ್ಥಾನ ಎಂದು ಕೇಳುವವರಿರಬಹುದು. ಆ ಪ್ರಶ್ನೆಗಳಿಗೆಲ್ಲ ಸರಕಾರಗಳ ಮುಖ ನೋಡಬೇಕು. ಇದೊಂದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು. ತನ್ನ ಕೈಯಲ್ಲಿಯೇ ಇರುವುದನ್ನು ಮಾಡದ ಸಂಸ್ಥೆಗೆ ಇತರರ ಕೈಯಲ್ಲಿರುವುದನ್ನು ಕೇಳುವ ನೈತಿಕ ಬಲ ಎಲ್ಲಿಂದ ಬರಬೇಕು?

ಮೊದಲು ಈ ಹೊದಿಕೆಯ ಜಾತಕವನ್ನು ನೋಡೋಣ. ಕಾಗದವೆಂದು ನಾವು ಕರೆಯುವುದರಲ್ಲಿ ಬಹುಪಾಲು ಕಾಗದವೇ ಅಲ್ಲ. ಮಿರುಗುವ ಹಾಳೆಯೆಂದರೆ ಪ್ಲಾಸ್ಟಿಕ್ಕಿನ ಮೇಲೆ ಲೋಹದ ಅತಿ ತೆಳುವಾದ ಲೇಪ. ಇಲ್ಲವೆ ಕಾಗದದ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಪೊರೆ. ಹಣ್ಣಿನ ಬುಟ್ಟಿಗೆ ಸುತ್ತುವುದನ್ನು ಹಳೆಯ ರೂಢಿಯಿಂದ ಸೆಲ್ಲೋಫೇನ್ ಎನ್ನುತ್ತೇವೆ. ಕಳೆದ ಶತಮಾನದ ಆರಂಭದಲ್ಲಿ ಸ್ವಿಸ್ ರಸಾಯನ ತಜ್ಞ ಬ್ರಾಂಡೆನ್‌ಬರ್ಗರ್ ಕಂಡುಹಿಡಿದ ನಿಜವಾದ ಸೆಲ್ಲೋಫೇನ್ ಮರದ ತಿರುಳಿನಿಂದಾದುದು, ಮಣ್ಣಿನಲ್ಲಿ ಕರಗುವಂಥದು. ಇಂದು ಆ ಹೆಸರಿನಲ್ಲಿ ಅಂಗಡಿಯವನು ಕೊಡುವುದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಹಾಳೆ, ಎಂದರೆ ಅಪ್ಪಟ ಪ್ಲಾಸ್ಟಿಕ್. ಸಂದೇಹವಿದ್ದವರು ಹಾಳೆಯನ್ನು ಮುಷ್ಟಿಯಲ್ಲಿ ಮುದುಡಿ ಬಿಟ್ಟು ನೋಡಲಿ. ಮುದುಡಿದಂತೆಯೇ ಉಳಿದರೆ ಕಾಗದ. ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್. ಇದಕ್ಕಿಂತ ಸರಳವಾದ ಪರೀಕ್ಷೆಯೂ ಒಂದಿದೆ. ನಮ್ಮ ಬಡಾವಣೆಗಳಿಗೆ ಬರುವ ರದ್ದಿವಾಲಾ ಹಳೆಯ ದಿನಪತ್ರಿಕೆಯನ್ನು ತೂಗುತ್ತಾನೆ, ರಟ್ಟಿನ ಪೆಟ್ಟಿಗೆಯನ್ನು ತೂಗುತ್ತಾನೆ. ಜರಿಕಾಗದವನ್ನು ಮಾತ್ರ ಬದಿಗೆ ತಳ್ಳುತ್ತಾನೆ. ಲೇಪ, ಅಂಟುಪಟ್ಟಿ, ಮಿನುಗುಪುಡಿ ಬೆರೆತ ಆ ವಸ್ತುವನ್ನು ಮರಳಿ ತಿರುಳಾಗಿಸುವುದು ಕಾರ್ಖಾನೆಗೆ ದುಡ್ಡಿನ ಕೆಲಸವಲ್ಲ ಎಂಬುದನ್ನು ಅವನು ಯಾವ ಪದವಿಯೂ ಇಲ್ಲದೆ ಅರಿತಿದ್ದಾನೆ.

ಇನ್ನು ಕಾನೂನಿನ ಮಾತು. ಮಹಾರಾಷ್ಟ್ರ ಸರಕಾರವು 23 ಮಾರ್ಚ್ 2018ರಂದು ಪ್ಲಾಸ್ಟಿಕ್ ಮತ್ತು ಥರ್ಮೊಕೋಲ್ ವಸ್ತುಗಳ ಮೇಲೆ ನಿರ್ಬಂಧದ ಅಧಿಸೂಚನೆಯನ್ನು ಹೊರಡಿಸಿತು. ಮೊದಲ ತಪ್ಪಿಗೆ 5,000 ರೂಪಾಯಿಯ ದಂಡ. ಕರ್ನಾಟಕ ಅದಕ್ಕೂ ಎರಡು ವರ್ಷ ಮೊದಲೇ, 2016ರ ಮಾರ್ಚಿನಲ್ಲಿ, ಇಂಥದೇ ನಿಷೇಧವನ್ನು ಸಾರಿತ್ತು. ಕೇಂದ್ರ ಸರಕಾರವು 12 ಆಗಸ್ಟ್ 2021ರಂದು ತಿದ್ದುಪಡಿ ಮಾಡಿದ ನಿಯಮಗಳಂತೆ, 1 ಜುಲೈ 2022ರಿಂದ ದೇಶದಾದ್ಯಂತ ನಿಷಿದ್ಧವಾದ ಏಕಬಳಕೆಯ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ, ಆಮಂತ್ರಣ ಪತ್ರ, ಸಿಗರೇಟಿನ ಪೊಟ್ಟಣ ಇವುಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಪೇಢೆಯ ಪೆಟ್ಟಿಗೆಗೆ ಸುತ್ತಿದರೆ ಅಪರಾಧವಾದದ್ದು ಹಣ್ಣಿನ ಬುಟ್ಟಿಗೆ ಸುತ್ತಿದೊಡನೆ ಸಂಸ್ಕೃತಿಯಾಗುವುದು ಹೇಗೆ? ಸರಕಾರದ ಪಟ್ಟಿಗಳನ್ನು ಓದುವುದೇ ವೃತ್ತಿಯಾಗಿರುವ ನನಗೆ ಇಷ್ಟು ತಿಳಿದಿದೆ: ಪಟ್ಟಿಯಲ್ಲಿ ಹೆಸರಿಲ್ಲದಿರುವುದು ನಿರ್ದೋಷಿತ್ವದ ಪ್ರಮಾಣಪತ್ರವಲ್ಲ. ಸರಕಾರಿ ನೌಕರರ 1964ರ ನಡತೆ ನಿಯಮಗಳು ನಾವು ಪಡೆಯುವ ಉಡುಗೊರೆಯ ಮೌಲ್ಯವನ್ನು ಕೇಳುತ್ತವೆ, ಹೊದಿಕೆಯನ್ನು ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಬಟ್ಟೆಯ ವೇಷ ತೊಟ್ಟ ಇನ್ನೊಂದು ವಂಚನೆಯನ್ನೂ ಇಲ್ಲಿಯೇ ಬಯಲಿಗೆಳೆಯಬೇಕು. ಸಂಘಗಳು ಅಭಿಮಾನದಿಂದ ‘ಬಟ್ಟೆಯ ಚೀಲ’ ಎಂದು ಹಂಚುವುದರಲ್ಲಿ ಹೆಚ್ಚಿನವು ನೇಯದ ಪಾಲಿಪ್ರೊಪಿಲೀನ್ ಚೀಲಗಳು. ಮಗ್ಗಕ್ಕೂ ಅವಕ್ಕೂ ಸಂಬಂಧವಿಲ್ಲ. ಪ್ಲಾಸ್ಟಿಕ್ಕಿನ ಎಳೆಗಳನ್ನು ಶಾಖದಿಂದ ಒತ್ತಿ ಮಾಡಿದ ಹಾಳೆಗಳು ಅವು. ಪ್ರತಿ ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾದ ಇಂಥ ಚೀಲಗಳನ್ನು ಕೇಂದ್ರದ ನಿಯಮಗಳು 2021ರ ಸೆಪ್ಟೆಂಬರ್ ಕೊನೆಯಿಂದಲೇ ತಡೆದಿವೆ. ಕೆಲವು ತಿಂಗಳಲ್ಲಿ ಅವು ಹೋಳುಹೋಳಾಗಿ ಉದುರತೊಡಗುತ್ತವೆ. ಭುವನೇಶ್ವರಿಯ ಚಿತ್ರ ಮುದ್ರಿಸಿದ್ದರೆ ಆ ಚಿತ್ರವೂ ಚರಂಡಿಯ ಪಾಲು.

ಈ ಕಸ ಹೋಗುವುದೆಲ್ಲಿಗೆ ಎಂಬುದು ನಮ್ಮ ಭಾಗದವರಿಗೆ ದೂರದ ಸಂಗತಿಯಲ್ಲ. ಕಲ್ಯಾಣದ ಆಧಾರವಾಡಿಯ ಕಸದ ಗುಡ್ಡವನ್ನೂ ಅದರ ಬೆಂಕಿಯನ್ನೂ ಹೊಗೆಯನ್ನೂ ಎಷ್ಟೋ ಕನ್ನಡ ಕುಟುಂಬಗಳು ಕಿಟಕಿಯಿಂದಲೇ ಕಂಡಿವೆ. ಕಸದ ವಿಲೇವಾರಿಗೆ ಸರಿಯಾದ ವ್ಯವಸ್ಥೆಯಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯವು 2015ರಲ್ಲಿ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಕ್ಷೇತ್ರದಲ್ಲಿ ಹೊಸ ಕಟ್ಟಡಗಳ ನಿರ್ಮಾಣವನ್ನೇ ತಡೆಹಿಡಿದಿತ್ತು. ಆಧಾರವಾಡಿಗೆ ಕಸ ಸುರಿಯುವುದು ನಿಂತದ್ದು 2021ರಲ್ಲಿ. ಥಾಣೆಯ ಕಸವನ್ನು ಬಹುಕಾಲ ದಿವಾದಲ್ಲಿ ಸುರಿಯಲಾಯಿತು; ನವಿ ಮುಂಬಯಿಯದು ತುರ್ಭೆಗೆ ಹೋಗುತ್ತದೆ. ಅಲ್ಲಿಗೂ ಹೋಗದೆ ನಾಲೆಗಳಿಗೆ ಬಿದ್ದದ್ದು ಥಾಣೆಯ ಖಾರಿಗೆ ಸೇರುತ್ತದೆ. 2022ರಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ಪಡೆದ, ರಾಜಹಂಸಗಳು ಬಂದಿಳಿಯುವ ಖಾರಿ ಅದು. 26 ಜುಲೈ 2005ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಇಳಿಯದೆ ನಿಂತದ್ದಕ್ಕೆ ನಾಲೆಗಳಲ್ಲಿ ತುಂಬಿದ ಪ್ಲಾಸ್ಟಿಕ್ಕೂ ಒಂದು ಕಾರಣವೆಂದು ಆಗಲೇ ಎಲ್ಲರೂ ಹೇಳಿದ್ದರು. ಆ ದಿನವನ್ನು ಕಂಡ ತಲೆಮಾರು ಇನ್ನೂ ಸಂಘಗಳ ಅಧ್ಯಕ್ಷ ಪೀಠಗಳಲ್ಲಿದೆ.

ಬಟ್ಟೆಯ ಹೊದಿಕೆ ಎಂದೊಡನೆ ಇಂದಿನ ಯುವಕರು ಜಪಾನಿನ ಫುರೋಶಿಕಿಯ ಹೆಸರು ಹೇಳುತ್ತಾರೆ. ಚೌಕಾಕಾರದ ಬಟ್ಟೆಯಲ್ಲಿ ವಸ್ತುವನ್ನಿಟ್ಟು ಮೂಲೆಗಳನ್ನು ಗಂಟು ಹಾಕಿ ಒಯ್ಯುವ ಪದ್ಧತಿ ಅದು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯೂರಿಕೊ ಕೊಯಿಕೆ ಈ ಹಳೆಯ ರೂಢಿಗೆ ಸರಕಾರದ ಬೆಂಬಲವಿತ್ತು ಪ್ರಚಾರ ಮಾಡಿದರು. ತಮ್ಮ ಅಜ್ಜಿಯರ ಗಂಟನ್ನು ಜಪಾನೀಯರು ಜಗತ್ತಿಗೆ ತೋರಿಸಿದರು, ಅವರಿಗೆ ಅಭಿನಂದನೆ. ನನ್ನ ತಕರಾರು ನಮ್ಮವರ ಮೇಲೆ. ಜಪಾನಿನ ಹೆಸರು ಬರುವವರೆಗೆ ನಮ್ಮ ಅಜ್ಜಿಯ ಗಂಟು ಹಳ್ಳಿಗಾಡಿನ ಗುರುತಾಗಿತ್ತು, ರೈಲಿನಲ್ಲಿ ಅದನ್ನು ಹಿಡಿದು ಕೂಡಲು ನಾಚಿಕೆಯಾಗುತ್ತಿತ್ತು. ಈಗ ಅದೇ ಗಂಟನ್ನು ಪರದೇಶದ ಹೆಸರಿನಲ್ಲಿ ಕೊಳ್ಳಲು ಸಿದ್ಧರಾಗಿದ್ದೇವೆ.

ನಮ್ಮಲ್ಲಿ ಏನಿರಲಿಲ್ಲ? ನಾನು ಹುಟ್ಟಿದ್ದು ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿ. ಅಲ್ಲಿ ಹೊಲಕ್ಕೆ ಹೋಗುವ ರೊಟ್ಟಿ ಬುತ್ತಿಯ ಗಂಟಿನಲ್ಲಿ ಹೋಗುತ್ತಿತ್ತು. ತವರಿಂದ ಬರುವ ಮಗಳ ಉಡಿಯಲ್ಲಿ ಖಣ, ಕೊಬ್ಬರಿ, ಉತ್ತತ್ತಿಗಳಿರುತ್ತಿದ್ದವು. ಹಳೆಯ ಮೈಸೂರಿನ ಕಡೆ ಗೌರಿಯ ಹಬ್ಬಕ್ಕೆ ಮೊರದ ಬಾಗಿನ: ಕೆಳಗೊಂದು ಮೊರ, ಮೇಲೊಂದು ಮೊರ, ನಡುವೆ ಧಾನ್ಯ, ಬಳೆ, ಬಿಚ್ಚೋಲೆ. ಅಲ್ಲಿ ಪೆಟ್ಟಿಗೆಯೇ ವರ್ಷವೆಲ್ಲ ಕೇರಲು ಬರುವ ಸಾಧನ. ಕರಾವಳಿಯಲ್ಲಿ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿ. ಈ ಮೂರೂ ಪ್ರದೇಶಗಳ ಜನ ಇಂದು ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ವಾಸವಾಗಿದ್ದಾರೆ. ಮೂವರೂ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬೀರುತ್ತಾರೆ. ಹೊರನಾಡಿನಲ್ಲಿ ಕನ್ನಡಿಗರ ಏಕೀಕರಣ ಹೀಗೆ ಸಂಪನ್ನವಾಗಿದೆ!

ಸರಕಾರಿ ಕಚೇರಿಗಳಿಗೂ ಬಟ್ಟೆಯ ಗಂಟು ಹೊಸದಲ್ಲ. ಹಳೆಯ ದಾಖಲೆಗಳನ್ನು ಕೆಂಪು ಬಟ್ಟೆಯ ಬಸ್ತಾಗಳಲ್ಲಿ ಕಟ್ಟಿಡುವುದು ನಮ್ಮ ದಫ್ತರಗಳ ಪರಂಪರೆ. ಪುಣೆಯ ಪೇಶವೆ ದಫ್ತರದಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಎಣಿಸುವ ಏಕಮಾನವೇ ‘ರುಮಾಲು’. ಬಟ್ಟೆಗೆ ಗಾಳಿಯಾಡುತ್ತದೆ, ಧೂಳು ತಡೆಯುತ್ತದೆ, ಒಗೆದು ಮತ್ತೆ ಕಟ್ಟಬಹುದು. 5 ಜುಲೈ 2019ರಂದು ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಆಯವ್ಯಯದ ಕಡತವನ್ನು ಚರ್ಮದ ಪೆಟ್ಟಿಗೆಯ ಬದಲು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದಾಗ ದೇಶವೆಲ್ಲ ಅದನ್ನು ಗಮನಿಸಿತು. ಅವರ ಆಯವ್ಯಯವನ್ನು ಒಪ್ಪದವರೂ ಆ ಬಟ್ಟೆಯನ್ನು ಒಪ್ಪಬಹುದು. ದೇಶದ ಲೆಕ್ಕಪತ್ರಕ್ಕೆ ಸಲ್ಲುವ ಹೊದಿಕೆ ಸಂಘದ ಸ್ಮರಣಿಕೆಗೆ ಸಲ್ಲದೆ?

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ‘ತಿರುಗುವ ಖಣ’ ಎಂಬುದು ಹಾಸ್ಯದ ವಸ್ತು. ಒಬ್ಬರು ಅರಿಸಿನ-ಕುಂಕುಮದೊಡನೆ ಕೊಟ್ಟ ಕುಪ್ಪಸದ ತುಂಡು ಮಡಿಕೆ ಬಿಚ್ಚದೆ ಎರಡನೆಯ ಮನೆಗೆ, ಅಲ್ಲಿಂದ ಮೂರನೆಯ ಮನೆಗೆ ಹೋಗಿ, ಕೊನೆಗೆ ಕೊಟ್ಟವರಿಗೇ ಮರಳುವುದನ್ನು ಕುರಿತು ನಗದವರಿಲ್ಲ. ಆದರೆ ವಸ್ತುವೊಂದು ಕೈಯಿಂದ ಕೈಗೆ ದಾಟುತ್ತ ಕಸದ ಬುಟ್ಟಿಯಿಂದ ದೂರ ಉಳಿಯುವುದನ್ನೇ ಇಂದು ಜಗತ್ತಿನ ಪರಿಸರ ತಜ್ಞರು ಪುನರ್ಬಳಕೆ ಎಂದು ಬೋಧಿಸುತ್ತಿರುವುದು. ನಮ್ಮ ತಾಯಂದಿರು ಬೋಧನೆಯಿಲ್ಲದೆ ಅದನ್ನು ನಡೆಸಿಕೊಂಡು ಬಂದರು. ದೋಷ ತಿರುಗುವುದರಲ್ಲಿಲ್ಲ, ಇಂದು ತಿರುಗುತ್ತಿರುವ ವಸ್ತುವಿನಲ್ಲಿದೆ. ಹಿಂದೆ ಖಣ ಹೊಲಿಸಲು ಬರುವಂಥದಾಗಿತ್ತು. ಯಾವುದೋ ಒಂದು ಮನೆಯಲ್ಲಿ ಅದು ನಿಂತು ಕುಪ್ಪಸವಾಗುತ್ತಿತ್ತು. ಈಗಿನ ತೆಳು ಪಾಲಿಯೆಸ್ಟರ್ ತುಂಡನ್ನು ಹೊಲಿಸುವವರಿಲ್ಲ, ಉಡುವವರಿಲ್ಲ; ಯಾರಿಗೂ ಬೇಡವಾದುದರಿಂದ ಅದು ತಿರುಗುತ್ತದೆ. ಉಪಯುಕ್ತವಾದುದರಿಂದ ತಿರುಗುವುದು ದಾನ. ನಿರುಪಯುಕ್ತವಾದುದರಿಂದ ತಿರುಗುವುದು ಕಸದ ಸಾಗಾಣಿಕೆ. ಸಂಘಗಳ ಸನ್ಮಾನದ ಶಾಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಿರಿಯ ಸಾಹಿತಿಗಳ ಕಪಾಟುಗಳಲ್ಲಿ ಮಡಿಕೆ ಬಿಚ್ಚದೆ ಬಿದ್ದಿರುವ ಶಾಲುಗಳ ರಾಶಿಯನ್ನು ಕಂಡವರು ಇದನ್ನು ಒಪ್ಪಿಯಾರು.

ಆಕ್ಷೇಪಣೆಗಳಿಗೆ ಉತ್ತರಿಸದೆ ಮುಂದುವರಿಯುವುದು ನ್ಯಾಯವಲ್ಲ. ಮೊದಲನೆಯದು ವಿಜ್ಞಾನದ ಕಡೆಯಿಂದ ಬರುವುದು, ಗಟ್ಟಿಯಾದದ್ದು. ಹತ್ತಿಯೇನೂ ಪಾಪರಹಿತವಲ್ಲ, ಅದಕ್ಕೆ ನೀರು ಬೇಕು, ಗೊಬ್ಬರ ಬೇಕು, ಬಣ್ಣ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹವಾಮಾನದ ಮೇಲಣ ಪರಿಣಾಮವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, ಹೊಸ ಹತ್ತಿಯ ಚೀಲವೊಂದನ್ನು 131 ಬಾರಿ ಬಳಸಿದರೆ ಮಾತ್ರ ಅದು ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾದೀತು. ಈ ಅಂಕಿಯನ್ನು ಮುಂದಿಟ್ಟು ಪ್ಲಾಸ್ಟಿಕ್ಕೇ ಮೇಲೆನ್ನುವವರಿದ್ದಾರೆ. ನಾಲೆಯಲ್ಲಿ ಸಿಕ್ಕಿಕೊಳ್ಳುವ, ದನದ ಹೊಟ್ಟೆ ಸೇರುವ ಪ್ಲಾಸ್ಟಿಕ್ಕಿನ ಲೆಕ್ಕ ಆ ಅಂಕಿಯಲ್ಲಿಲ್ಲ ಎಂಬುದು ಒಂದು ಉತ್ತರ. ಆದರೆ ಅಂಕಿಯ ನಿಜವಾದ ಪಾಠ ಬೇರೆ: ಹೊದಿಕೆಗೆಂದೇ ಹೊಸ ಬಟ್ಟೆ ಕೊಂಡು ಒಮ್ಮೆ ಕಟ್ಟಿ ಕಪಾಟಿಗೆ ಸೇರಿಸುವುದು ಪರಿಸರದ ಸೇವೆಯಲ್ಲ. ಮೊದಲು ಮನೆಯಲ್ಲಿರುವ ಬಟ್ಟೆ. ಅಂಚು ಗಟ್ಟಿಯಿದ್ದು ನಡುವೆ ಪಿಸಿದ ಇಳಕಲ್ ಸೀರೆ, ಹಳೆಯ ಪಂಚೆ, ಮೊಮ್ಮಗನಿಗೆ ಸಣ್ಣದಾದ ಅಂಗಿ, ಹೊಲಿಗೆಯವನ ಬಳಿ ಉಳಿದ ತುಂಡು. ಇವುಗಳ ಹತ್ತಿಯನ್ನು ಎಂದೋ ಬೆಳೆದಾಗಿದೆ. ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ನಾಡಿನಿಂದ ಬಂದವರಿಗೆ ಇದನ್ನು ಹೇಳಿಕೊಡಬೇಕೆ?

ಎರಡನೆಯ ಆಕ್ಷೇಪಣೆ ಖರ್ಚಿನದು. ಹೊಸ ಬಟ್ಟೆಯನ್ನೇ ಕೊಳ್ಳಬೇಕಾದರೂ ನಮ್ಮ ಭಾಗದಲ್ಲಿ ಬಟ್ಟೆಗೆ ಬರವೆನ್ನುವುದು ನಗೆಪಾಟಲು. ಕ್ರಿಸ್ತಶಕ 6ನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಬರಹಗಾರ ಕಲ್ಯಾಣದ ಬಂದರಿನಿಂದ ಹೊರಡುವ ಸರಕುಗಳಲ್ಲಿ ಬಟ್ಟೆಯನ್ನೂ ಹೆಸರಿಸಿದ್ದಾನೆ. ಇಂದು ಒಂದು ಬದಿಗೆ ಭಿವಂಡಿಯ ಯಂತ್ರಮಗ್ಗಗಳು, ಇನ್ನೊಂದು ಬದಿಗೆ ಉಲ್ಹಾಸನಗರದ ಬಟ್ಟೆಯ ಪೇಟೆ. ಜರಿಕಾಗದಕ್ಕೆ ಪ್ರತಿ ಸಮಾರಂಭದಲ್ಲೂ ಹೊಸದಾಗಿ ಹಣ ತೆರಬೇಕು. ಮರಳಿ ಬರುವ ಬಟ್ಟೆಗೆ ಒಮ್ಮೆ ತೆತ್ತರೆ ಸಾಕು. ಮೂರನೆಯದು ಅಂದದ ಪ್ರಶ್ನೆ. ಪೆಟ್ಟಿಗೆಯ ಅತಿ ಉದ್ದದ ಬದಿಯ ಮೂರರಷ್ಟು ಅಗಲವಿರುವ ಚೌಕದ ಬಟ್ಟೆಯನ್ನು ಹಾಸಿ, ಪೆಟ್ಟಿಗೆಯನ್ನು ನಡುವೆ ಕೋನಕ್ಕೆ ಅಭಿಮುಖವಾಗಿಟ್ಟು, ಎದುರುಬದುರಿನ ಎರಡು ಮೂಲೆಗಳನ್ನು ಮೇಲೆ ಮಡಚಿ, ಉಳಿದೆರಡನ್ನು ಗಂಟು ಹಾಕಿ ನೋಡಿರಿ. ಅಂಟುಪಟ್ಟಿ ಬೇಡ, ಕತ್ತರಿ ಬೇಡ, ಒಂದು ನಿಮಿಷದ ಕೆಲಸ. ಕುಪ್ಪಸದ ತುಂಡು ಹೆಚ್ಚುಕಡಿಮೆ ಚೌಕವೇ ಆಗಿರುವುದರಿಂದ ಪುಸ್ತಕಗಳ ಕಟ್ಟಿಗೆ, ಸಣ್ಣ ಸ್ಮರಣಿಕೆಗೆ ಹೇಳಿ ಮಾಡಿಸಿದಂತಿರುತ್ತದೆ.

ನಾಲ್ಕನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಎತ್ತುತ್ತೇನೆ. ಖಣದ ಸಂಪ್ರದಾಯ ನಿರ್ಮಲವಾದುದಲ್ಲ. ಅದನ್ನು ಕೊಟ್ಟದ್ದು ಮುತ್ತೈದೆಯರಿಗೆ ಮಾತ್ರ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಅದೇ ಮನೆಯಲ್ಲಿ ಅಡುಗೆ ಮಾಡಿ, ಅದೇ ಅತಿಥಿಗಳಿಗೆ ಬಡಿಸಿ, ಉಡಿ ತುಂಬುವ ಹೊತ್ತಿಗೆ ಒಳಗೆ ಸರಿಯಬೇಕಾಗಿತ್ತು. ಈಗಲೂ ಸಂಘಗಳ ಮಹಿಳಾ ವಿಭಾಗದ ಅರಿಸಿನ-ಕುಂಕುಮದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನ ಕುರ್ಚಿಗಳಲ್ಲಿ ಸುಮ್ಮನೆ ಕುಳಿತವರನ್ನು ನೋಡಿದರೆ ಆ ‘ಒಳಗೆ’ ಇನ್ನೂ ಮುಗಿದಿಲ್ಲವೆಂದು ತಿಳಿಯುತ್ತದೆ. ಪರಂಪರೆಯನ್ನು ಮರಳಿ ತರುವ ಹೆಸರಿನಲ್ಲಿ ಈ ಅವಮಾನವನ್ನೂ ಮರಳಿ ತರುವುದಾದರೆ ನನಗೆ ಆ ಖಣ ಬೇಡ. ಆದರೆ ಖಣವನ್ನು ಉಡುಗೊರೆಯ ಹೊದಿಕೆಯಾಗಿ ಬಳಸಿದಾಗ ಅದು ಸೌಭಾಗ್ಯದ ಮುದ್ರೆಯಾಗಿ ಉಳಿಯುವುದಿಲ್ಲ. ಪುಸ್ತಕದೊಡನೆ, ಹಣ್ಣಿನೊಡನೆ, ವಿದ್ಯಾರ್ಥಿಯ ಬಹುಮಾನದೊಡನೆ ಎಲ್ಲರ ಕೈಗೂ ಹೋಗುತ್ತದೆ. ವಿಧವೆಗೂ ಅದೇ ಖಣ, ಅವಿವಾಹಿತೆಗೂ ಅದೇ ಖಣ, ಗಂಡಸರಿಗೂ ಅದೇ ಖಣ. ಬಸವಣ್ಣನವರ ನಾಡಿನವರೆಂದು ಹೇಳಿಕೊಳ್ಳುವ ನಾವು ಇಷ್ಟನ್ನಾದರೂ ಮಾಡಬೇಡವೆ?

ಹೊಸ ಬಟ್ಟೆಯೇ ಬೇಕಾದ ಸಂದರ್ಭಗಳಿವೆ. ದೊಡ್ಡ ಸನ್ಮಾನಗಳಿಗೆ ಹಳೆಯ ಸೀರೆಯ ತುಂಡು ಒಗ್ಗದೆಂಬವರೊಡನೆ ನಾನು ಜಗಳವಾಡುವುದಿಲ್ಲ. ಅಂಥಲ್ಲಿ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕೈಮಗ್ಗದ ಖಣವನ್ನೇ ತರಿಸಬೇಕೆಂಬುದು ನನ್ನ ಆಗ್ರಹ. ಹಾಸಿನಲ್ಲಿ ಹೆಚ್ಚುವರಿ ಎಳೆ ಸೇರಿಸಿ ಸಣ್ಣ ಸಣ್ಣ ಚಿತ್ತಾರ ಎಬ್ಬಿಸುವ, ತ್ರಿಕೋನದ ಮಡಿಕೆಯಲ್ಲಿ ಪೇಟೆಗೆ ಬರುವ ಆ ಬಟ್ಟೆಗೆ ತಲೆಮಾರುಗಳಿಂದ ದೊಡ್ಡ ಗಿರಾಕಿ ಮಹಾರಾಷ್ಟ್ರವೇ. ನಾವು ಉಡಿ ಎನ್ನುವುದನ್ನು ನೆರೆಯ ಮರಾಠಿ ಮಹಿಳೆ ಓಟಿ ಎನ್ನುತ್ತಾಳೆ. ಆಕೆಯ ಓಟಿಯಲ್ಲಿ ಬೀಳುವ ಖಣವನ್ನು ಕನ್ನಡದ ನೇಕಾರ ನೇಯುತ್ತ ಬಂದ. ಗಡಿಯ ಹೆಸರಿನಲ್ಲಿ ಬಸ್ಸುಗಳಿಗೆ ಮಸಿ ಬಳಿದ ದಿನಗಳಲ್ಲಿಯೂ ಈ ವ್ಯವಹಾರ ನಿಲ್ಲಲಿಲ್ಲ. ಅದನ್ನು ಇಂದು ಕುಗ್ಗಿಸುತ್ತಿರುವುದು ಯಂತ್ರಮಗ್ಗದ ಅಗ್ಗದ ಅನುಕರಣೆ. ಥಾಣೆಯಿಂದ ನವಿ ಮುಂಬಯಿಯವರೆಗಿನ ಸಂಘಗಳು ಒಟ್ಟಾಗಿ ವರ್ಷದ ಸನ್ಮಾನಗಳಿಗೆ ಬೇಕಾದಷ್ಟನ್ನು ನೇಕಾರರಿಂದಲೇ ನೇರವಾಗಿ ತರಿಸಿದರೆ ಗುಳೇದಗುಡ್ಡದ ಬಡತನವೇನೂ ಅಳಿಯದು. ಕೆಲವು ಮಗ್ಗಗಳಿಗೆ ಕೆಲವು ತಿಂಗಳ ಕೆಲಸವಾದೀತು. ನಾಡಿನ ಅಭಿಮಾನ ಅಷ್ಟರ ಮಟ್ಟಿಗಾದರೂ ಯಾರದೋ ಮನೆಯ ಒಲೆ ಹೊತ್ತಿಸುತ್ತದೆ.

ಆದುದರಿಂದ ಸಂಘಗಳ ಮುಂದೆ ನಾಲ್ಕು ಬೇಡಿಕೆಗಳನ್ನಿಡುತ್ತೇನೆ. ಒಂದು, ವೇದಿಕೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಜರಿಕಾಗದ, ನೇಯದ ಚೀಲಗಳಿಗೆ ಪ್ರವೇಶವಿಲ್ಲವೆಂಬ ಠರಾವು. ಹಣ್ಣನ್ನು ಕೊಡುವುದಾದರೆ ಬಿದಿರ ಬುಟ್ಟಿಯಲ್ಲಿ ತೆರೆದೇ ಕೊಡಲಿ, ಹಣ್ಣಿಗೆ ನಾಚಿಕೆಯಿಲ್ಲ. ಎರಡು, ಸಂಘದ ಕಚೇರಿಯಲ್ಲಿ ಒಂದು ಬಟ್ಟೆಯ ಭಂಡಾರ. ಸದಸ್ಯರ ಮನೆಗಳಿಂದ ಹಳೆಯ ಹತ್ತಿ ಬಟ್ಟೆ ಸಂಗ್ರಹಿಸಿ, ಒಗೆದು, ಅಂಚು ಹೊಲಿಸಿ ಇಡುವುದು. ಹೊಲಿಗೆಯ ಕೂಲಿಯನ್ನು ಕೊಟ್ಟೇ ಮಾಡಿಸಬೇಕು; ಮಹಿಳಾ ವಿಭಾಗದ ಬಿಟ್ಟಿ ದುಡಿಮೆಯೆಂದು ಭಾವಿಸಕೂಡದು. ಮೂರು, ಮರಳಿಸುವ ರೂಢಿ. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದ ಜನ ನಾವು; ಉಡುಗೊರೆ ಪಡೆದವರು ಬಟ್ಟೆಯನ್ನು ಮುಂದಿನ ಕಾರ್ಯಕ್ರಮಕ್ಕೆ ತಂದು ಒಪ್ಪಿಸಲಿ, ಇಲ್ಲವೆ ಅದರಲ್ಲಿ ಬೇರೊಬ್ಬರಿಗೆ ಏನನ್ನಾದರೂ ಕಟ್ಟಿ ಕೊಡಲಿ. ನಾಲ್ಕು, ಖಣವೆಂದು ಕೊಡುವುದಾದರೆ ಹೊಲಿಸಲು ಬರುವ ಖಣ, ಎಲ್ಲರಿಗೂ ಒಂದೇ ಖಣ.

ಇವಕ್ಕೆ ಅನುದಾನ ಬೇಡ, ಅಕಾಡೆಮಿಯ ಶಿಫಾರಸು ಬೇಡ, ಮಂತ್ರಿಗಳ ಭೇಟಿಯೂ ಬೇಡ. ಮುಂದಿನ ನವೆಂಬರಿನ ಆಮಂತ್ರಣ ಪತ್ರಿಕೆಗಳು ಅಚ್ಚಿಗೆ ಹೋಗುವ ಮೊದಲು ಸೇರುವ ಸಮಿತಿಯ ಸಭೆಯಲ್ಲಿ ಯಾರಾದರೂ ಒಬ್ಬ ಸದಸ್ಯರು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ವಿರೋಧಿಸುವವರು ಜರಿಕಾಗದದ ಪರವಾಗಿ ತಮಗಿರುವ ಕಾರಣಗಳನ್ನು ಇದೇ ಪುಟಗಳಲ್ಲಿ ಬರೆಯಲಿ. ಓದಲು ನಾನು ಸಿದ್ಧನಿದ್ದೇನೆ.